ಹೊಡೆದದ್ದು ಹೌದು

ಠಾಣೆಯಲ್ಲಿ ಅವಳು ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು. "ಗಂಡನ ಕೈ ಮುರಿದದ್ದು ನೀವೇನಾ?" ಎಂದು ಬರೆದುಕೊಳ್ಳುತ್ತಿದ್ದ ಪೊಲೀಸಿನವನು ಕೇಳಿದ. "ಹೌದು" ಎಂದಳು. "ಯಾತರಲ್ಲಿ?" "ಇಸ್ತ್ರಿ ಪೆಟ್ಟಿಗೇಲಿ." ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಹೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಗಂಟಲು ಊದಿಕೊಂಡು ಉಗುಳು ನುಂಗುವುದೇ ಕಷ್ಟವಾಗಿತ್ತು. ಕುತ್ತಿಗೆಗೆ ಸ್ಕಾರ್ಫ್ ಬಿಗಿದುಕೊಂಡಿದ್ದಳು. ಅವಳಿಗಿಂತ ಮುಕ್ಕಾಲು ಗಂಟೆ ಮೊದಲೇ ಗಂಡ ಬಂದು, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎಳೆ ಮಗುವಿನಂತೆ ಹಿಡಿದುಕೊಂಡು, ದೂರು ಬರೆಸಿ ಆಸ್ಪತ್ರೆಗೆ ಹೋಗಿದ್ದ. ಮೊದಲು ಬಂದವರಿಗೆ ಮೊದಲ ಜಾಗ ಎಂಬ ನ್ಯಾಯ ಬಸ್ಸಿನ ಸೀಟಿಗೆ ಮಾತ್ರವಲ್ಲ, ಠಾಣೆಯ ಕಾಗದಕ್ಕೂ ಸಲ್ಲುತ್ತದೆ.

ಆ ಪೇಟೆಯಲ್ಲಿ ಎಲ್ಲರೂ ಅವಳನ್ನು ಕನ್ನಡಕದಕ್ಕ ಎನ್ನುತ್ತಿದ್ದರು. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಗಾಜು ಉಜ್ಜುವುದು ಅವಳ ಕೆಲಸ. ನೀರು ತೊಟ್ಟಿಕ್ಕುವ ಚಕ್ರಕ್ಕೆ ಗಾಜಿನ ಅಂಚು ಹಿಡಿದು, ಚೌಕಟ್ಟಿನ ಆಕಾರಕ್ಕೆ ಸವೆಸಿ, ಒತ್ತಿ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಉದುರುತ್ತದೆ, ಕಡಿಮೆಯಾದರೆ ಕೂರಿಸುವಾಗ ಸೀಳುತ್ತದೆ. ಅವಳ ಕೈಯಲ್ಲಿ ಎರಡೂ ಆಗುತ್ತಿರಲಿಲ್ಲ. ಅಂಗಡಿಯ ಯಜಮಾನರು ಗಿರಾಕಿಗಳಿಗೆ, "ಕಣ್ಣು ದೇವ್ರು ಕೊಟ್ಟಿದ್ದು, ಮಿಕ್ಕಿದ್ದು ನಮ್ಮ ಅಕ್ಕ ಕೊಟ್ಟಿದ್ದು" ಎನ್ನುತ್ತಿದ್ದರು.

ಗಂಡನದು ಮೂರು ಬೀದಿ ಆಚೆ ಔಷಧಿ ಅಂಗಡಿ. ಅವನಿಗೆ ಬಿದ್ದ ಹೆಸರು ಅರ್ಧ ಡಾಕ್ಟ್ರು. ಬಿದ್ದು ಮಂಡಿ ತರಚಿಕೊಂಡು ಬಂದ ಮಕ್ಕಳಿಗೆ ಕೂರಿಸಿ ಪಟ್ಟಿ ಕಟ್ಟುವನು, ಮುದುಕಿಯರ ಮಾತ್ರೆಗಳನ್ನು ಬೆಳಗ್ಗೆ ಮಧ್ಯಾಹ್ನ ಸಂಜೆ ಎಂದು ಬೇರೆ ಬೇರೆ ಪೊಟ್ಟಣ ಮಾಡಿ ಕೊಡುವನು. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿದ್ದಿಲ್ಲ. ಮನೆಯಲ್ಲಿ ಹೆಂಡತಿಯೂ ಕೇಳಿರಲಿಲ್ಲ. ಅಲ್ಲಿಯೂ ಅವನು ಮೆಲ್ಲಗೆ, "ಬಾ ಇಲ್ಲಿ" ಎನ್ನುತ್ತಿದ್ದ. ಹೋಗಬೇಕಿತ್ತು. ಎಲ್ಲಿ ಹೊಡೆದರೆ ಗುರುತು ಬಟ್ಟೆಯೊಳಗೇ ಉಳಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಡೆದ ಮೇಲೆ ಮುಲಾಮನ್ನೂ ಅವನೇ ತರುತ್ತಿದ್ದ. ಹನ್ನೊಂದು ವರ್ಷ ಹೀಗೆ ನಡೆದಿತ್ತು.

ಎರಡು ದಿನ ಲಾಕಪ್ಪಿನಲ್ಲಿದ್ದು ಮೂರನೆಯ ದಿನ ಜಾಮೀನಿನ ಮೇಲೆ ಹೊರಗೆ ಬಂದಳು. ಯಜಮಾನರೇ ಬಂದು ಸಹಿ ಹಾಕಿದ್ದರು. ಗಂಡನ ಮನೆಯ ಬೀದಿಗೆ ಕಾಲಿಡಬಾರದು ಎಂದು ಷರತ್ತು. ಹತ್ತು ವರ್ಷದ ಮಗಳು ಆಗಲೇ ದೊಡ್ಡಮ್ಮನ ಮನೆ ಸೇರಿದ್ದಳು. ಕನ್ನಡಕದಕ್ಕನೂ ಅಕ್ಕನ ಮನೆಗೇ ಹೋದಳು. ಅಲ್ಲಿ ನಡುಮನೆಯಲ್ಲಿ ತಾಯಿ ಮಗಳಿಗೆ ಒಂದು ಚಾಪೆ, ಒಂದು ಮೂಲೆ.

ಆ ಮೂಲೆಯಲ್ಲಿ ಅವಳು ಕೂತದ್ದು ಕಡಿಮೆ. ಕೂತರೆ ಎದ್ದಳು, ಎದ್ದರೆ ಕಿಟಕಿಗೆ ಹೋದಳು, ಅಲ್ಲಿಂದ ಅಡುಗೆಮನೆಗೆ, ತೊಳೆದ ಲೋಟವನ್ನೇ ಮತ್ತೆ ತೊಳೆಯುವುದಕ್ಕೆ. ಭಾವ ನಕ್ಕರು. "ಏನಮ್ಮಾ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಕೂತ್ಕೋ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅವನು ಒಳ್ಳೆ ಮನುಷ್ಯ, ನನ್ನ ಹತ್ರ ಮಾತಾಡಿದಾನೆ. ಎರಡೂ ಕಡೆ ದೊಡ್ಡವರ ಎದುರಿಗೆ ತಪ್ಪಾಯ್ತು ಅಂದುಬಿಡು, ಕೆಲಸ ಬಿಟ್ಟು ಮನೇಲಿರು. ದೂರು ವಾಪಸ್ ತಗೋತಾನಂತೆ."

ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. "ಭಾವ ಹೇಳೋದು ನಿನ್ನ ಒಳ್ಳೇದಕ್ಕೇ ಕಣೇ" ಎಂದಳು, ಆದರೆ ತಂಗಿಯ ಮುಖ ನೋಡಿ ಹೇಳಲಿಲ್ಲ.

ಬಡವರಿಗೆ ಫೀಸಿಲ್ಲದೆ ವಾದಿಸುವ ವಕೀಲರ ಕಚೇರಿ ನ್ಯಾಯಾಲಯದ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಮೇಜಿನ ಆಚೆ ಕೂತಿದ್ದವರು ಅರವತ್ತರ ಹತ್ತಿರದ ಹೆಂಗಸು. ಮೂಗಿನ ಮೇಲೆ ಕನ್ನಡಕ ಒಂದು ಕಡೆಗೆ ಜಾರಿ ವಾಲಿತ್ತು. ಅವರು ಮಾತಾಡುತ್ತಲೇ ಇದ್ದರು. ಇವಳಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕೊನೆಗೆ ತಡೆಯಲಾರದೆ, "ಮೇಡಂ, ಒಂದು ನಿಮಿಷ ಅದನ್ನ ಕೊಡ್ತೀರಾ?" ಎಂದು ಕೈ ಚಾಚಿದಳು. ಚೀಲದಿಂದ ಬೆಂಕಿಕಡ್ಡಿಯಷ್ಟೇ ಗಾತ್ರದ ಸ್ಕ್ರೂ ಡ್ರೈವರ್ ತೆಗೆದು, ಕನ್ನಡಕದ ಕಡ್ಡಿಯ ತಿರುಪು ಬಿಗಿದು, ಮೂಗಿನ ತುಂಡನ್ನು ಬೆರಳಲ್ಲಿ ಬಗ್ಗಿಸಿ ವಾಪಸು ಕೊಟ್ಟಳು.

ವಕೀಲರು ಹಾಕಿಕೊಂಡು ಸುತ್ತ ನೋಡಿದರು. "ಅಬ್ಬಾ! ಎರಡು ವರ್ಷದಿಂದ ಜಗತ್ತೇ ವಾಲಿದೆ ಅಂದ್ಕೊಂಡಿದ್ದೆ. ಈಗ ಹೇಳಿ, ನಿಮ್ಮ ತಿರುಪು ಎಲ್ಲಿ ಸಡಿಲ ಆಯ್ತು?"

ಕನ್ನಡಕದಕ್ಕ ನಕ್ಕಳು, ನಗು ಅರ್ಧಕ್ಕೇ ಅಳುವಾಯಿತು. ಆಮೇಲೆ ತುಂಡು ತುಂಡಾಗಿ ಹೇಳಿದಳು. ಸಂಜೆ ಆರು ಗಂಟೆ. ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಚಹಾಕ್ಕೆಂದು ಮನೆಗೆ ಬಂದು ಕಿಟಕಿಯ ಬಳಿ ಪೇಪರ್ ಹಿಡಿದು ಕೂತಿದ್ದ. ಅಂಗಡಿಯಲ್ಲಿ ತನ್ನನ್ನು ಮೇಸ್ತ್ರಿ ಮಾಡಿದ್ದಾರೆ, ಇನ್ನು ಮೇಲೆ ಹೊಸಬರಿಗೆ ಕಲಿಸಬೇಕು ಎಂದು ಖುಷಿಯಲ್ಲಿ ಹೇಳಿದಳು. ಅವನು ಪೇಪರ್ ಮಡಚಿದ. "ನನ್ನ ಕೇಳದೆ ಒಪ್ಕೊಂಡ್ಯಾ?" ಎನ್ನುತ್ತ ಎದ್ದು ಬಂದ. ಎರಡೂ ಕೈ ಗಂಟಲಿಗೆ. ಹಿಂದೆಲ್ಲ ಗಂಟಲಿಗೆ ಬಂದದ್ದಿಲ್ಲ. ಕಣ್ಣು ಕತ್ತಲಿಟ್ಟಿತು. ಕೈಯಲ್ಲಿದ್ದದ್ದನ್ನು ಅವನ ತೋಳುಗಳ ನಡುವಿನಿಂದ ಮೇಲಕ್ಕೆತ್ತಿ ಬೀಸಿದಳು.

"ಮಗಳು ಎಲ್ಲಿದ್ಲು?"

"ಬಾಗಿಲಲ್ಲಿ."

ವಕೀಲರು ಸ್ವಲ್ಪ ಹೊತ್ತು ಬರೆದರು. ಬಳಿಕ ಪೆನ್ನು ಕೆಳಗಿಟ್ಟರು. "ನೋಡಿ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ತೀವ್ರ ಗಾಯ ಮಾಡಿದ್ದು ಅಂತ ಆರೋಪ ಹಾಕಿದಾರೆ. ತಪ್ಪೊಪ್ಕೊಂಡ್ರೆ, ಮೊದಲ ಸಲ, ಚಿಕ್ಕ ಮಗು ಇದೆ ಅಂತ ಜೈಲಿಲ್ಲದೆ ಬಿಡಿಸಬಹುದು. ಒಂದು ವಾರದ ಕೆಲಸ. ಆದ್ರೆ ಜನ್ಮ ಪೂರ್ತಿ ಗಂಡನ ಕೈ ಮುರಿದವಳು ಅನ್ನೋ ಹಣೆಪಟ್ಟಿ. ಮಗು ಯಾರ ಹತ್ರ ಇರಬೇಕು ಅನ್ನೋ ಮಾತು ಬಂದಾಗ ಅದನ್ನೇ ಎತ್ತಿ ತೋರಿಸ್ತಾರೆ. ರಾಜಿ ಆದ್ರೆ ಕೇಸೇ ಇರಲ್ಲ, ನೀವು ಮತ್ತೆ ಅದೇ ಮನೇಲಿರ್ತೀರಿ."

"ಭಾವ ಅದನ್ನೇ ಹೇಳ್ತಾರೆ. ಉಂಡು ಮಲಗೋ ತನಕ ಅಂತ."

"ಉಂಡು ಮಲಗೋಕೆ ಬಿಟ್ಟಿದ್ರೆ ತಾನೆ!" ವಕೀಲರು ಕೆಮ್ಮಿದರು. "ಇನ್ನು ಕೆಲವರು ಬಂದು, ಅವನೇ ಜಾರಿ ಬಿದ್ದ ಅನ್ನಿ ಅಂತ ಕಿವಿ ಊದ್ತಾರೆ. ಬೇಡ. ಠಾಣೆಲಿ ಹೊಡೆದೆ ಅಂದಿದೀರಿ. ಒಂದು ಸುಳ್ಳು ಸಿಕ್ಕಿಬಿದ್ರೆ ನಿಜಾನೂ ಅದರ ಜೊತೆ ಮುಳುಗತ್ತೆ."

"ಮತ್ತೆ?"

"ಹೊಡೆದದ್ದು ಹೌದು, ಹೊಡೆಯದೇ ಇದ್ದಿದ್ರೆ ನಾನು ಇರ್ತಿರಲಿಲ್ಲ ಅನ್ನೋದು. ಪ್ರಾಣ ಉಳಿಸಿಕೊಳ್ಳೋಕೆ ಕೈ ಎತ್ತೋದು ಅಪರಾಧ ಅಲ್ಲ. ಆದ್ರೆ ಅದಕ್ಕೆ ನೀವು ಕಟಕಟೆಲಿ ನಿಂತು ಹನ್ನೊಂದು ವರ್ಷವನ್ನೂ ಬಿಚ್ಚಬೇಕು. ಎಲ್ಲರ ಎದುರಿಗೆ. ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡುವುದೆಂದರೆ ಅವಳಿಗೆ ನಡೆಯುವುದಾಗಿತ್ತು. ಬಸ್ಸು ಬಿಟ್ಟು ನಡೆದಳು, ಊಟದ ಬಿಡುವಿನಲ್ಲಿ ಅಂಗಡಿಯ ಸುತ್ತ ನಡೆದಳು. ದಾರಿಯಲ್ಲಿ ಸಿಕ್ಕವರು ಮಾತಿಗೆ ನಿಲ್ಲುತ್ತಿರಲಿಲ್ಲ. ಒಬ್ಬಾಕೆ ಮಾತ್ರ ನಿಂತು, "ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು. ನಮ್ಮತ್ತೆ ಮಾತ್ರೇನ ಈಗ ಎಡಗೈಲಿ ಕಟ್ತಾನೆ ಪಾಪ" ಎಂದು ಹೋದಳು. ಉಗುಳಲೂ ಆರದ ನುಂಗಲೂ ಆರದ ಮಾತುಗಳು ಅವಳ ಬಾಯಲ್ಲಿ ಹಾಗೇ ಉಳಿದವು.

ಅದೇ ವಾರ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತಪ್ಪು ಮಾಡಿದಳು. ಗಾಜನ್ನು ಒಂದಿಷ್ಟು ತಿರುಗಿಸಿ ಕೂರಿಸಿಬಿಟ್ಟಿದ್ದಳು. ಗಿರಾಕಿ ಅಜ್ಜಿ ಮರುದಿನ ಗೋಡೆ ಹಿಡಿದುಕೊಂಡೇ ಅಂಗಡಿಗೆ ಬಂದು, "ಏನಪ್ಪಾ ಇದು, ನೆಲ ಎಲ್ಲಾ ನನ್ನ ಕಡೆಗೇ ಹತ್ತಿ ಬರ್ತಾ ಇದೆ, ಹಾಸಿಗೇಲಿ ಮಲಗಿದ್ರೂ ಏಣಿ ಮೇಲೆ ಇದ್ದ ಹಾಗಿದೆ" ಎಂದಳು. ಯಜಮಾನರು ಅಜ್ಜಿಯನ್ನು ಸಮಾಧಾನ ಮಾಡಿ ಕಳಿಸಿ, ಹಿಂದಿನ ಕೋಣೆಗೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದಳು. "ಮೇಸ್ತ್ರಿ ಕೆಲಸ ನಿಮಗೇ ಇಟ್ಟಿದೀನಿ. ಕೋರ್ಟಿಗೆ ಹೋಗಬೇಕಾದ ದಿನ ಹೋಗಿ. ಉಳಿದ ದಿನ ಮಾತ್ರ ಇಲ್ಲೇ ಇರಿ, ಗಾಜಿನ ಹತ್ರ" ಎಂದರು. ಆ ಸಂಜೆಯೇ ಅವಳು ಮೂರು ಮಹಡಿ ಹತ್ತಿ ವಕೀಲರಿಗೆ ಹೇಳಿದಳು: "ಬಿಚ್ತೀನಿ."

ವಕೀಲರು ಮೊದಲು ಕೇಳಿದ್ದು ಮಗಳ ಸಾಕ್ಷಿಯನ್ನು. ಕಣ್ಣಾರೆ ಕಂಡವಳು ಅವಳೊಬ್ಬಳೇ. "ಹತ್ತು ನಿಮಿಷ ಸಾಕು. ಬೇರೆ ಕೋಣೆಲಿ, ಮೆತ್ತಗೆ ಕೇಳ್ತಾರೆ."

"ಬೇಡ."

"ಯಾಕೆ ಬೇಡ? ಕೇಸೇ ಮುಗಿದುಹೋಗತ್ತೆ."

"ಕೇಸು ಮುಗಿಯತ್ತೆ ಮೇಡಂ. ಅಪ್ಪನ್ನ ಜೈಲಿಗೆ ಹಾಕಿಸಿದೆ ಅಂತಾನೋ, ಅಮ್ಮನ್ನ ಉಳಿಸೋಕಾಗಲಿಲ್ಲ ಅಂತಾನೋ ಒಂದು ಅವಳಿಗೆ ಉಳಿದೇ ಉಳಿಯತ್ತೆ. ಮುಳ್ಳು ಯಾವ ಕಡೆಯಿಂದ ಬಿದ್ರೂ ಹರಿಯೋದು ಬಟ್ಟೆನೇ."

"ಸೋತ್ರೆ ನನ್ನನ್ನ ಬೈಬೇಡಿ."

"ಇಲ್ಲ."

ಮನೆಯಲ್ಲಿ ಮಗಳೇ, "ಅಮ್ಮಾ, ನಾನು ಬೇಕಾದ್ರೆ ಹೇಳ್ತೀನಿ, ನಂಗೆ ಭಯ ಇಲ್ಲ" ಎಂದಾಗ ಕನ್ನಡಕದಕ್ಕ ಪುಸ್ತಕವನ್ನು ಅವಳ ಕಡೆ ಸರಿಸಿದಳು. "ನೀನು ಪಾಠ ಓದು" ಎಂದಳು. ಮಗಳು ಪುಸ್ತಕ ತೆರೆದು ಅರ್ಧ ಗಂಟೆಯಾದರೂ ಹಾಳೆ ಮಗುಚಲಿಲ್ಲ.

ಸಾಕ್ಷಿ ಎಂದು ಉಳಿದದ್ದು ಹೆಚ್ಚೇನಿಲ್ಲ. ಲಾಕಪ್ಪಿನ ದಾಖಲೆಯಲ್ಲಿ "ಕುತ್ತಿಗೆ: ಗುರುತು ಇದೆ" ಎಂದು ಒಂದು ಸಾಲು. ಮಚ್ಚೆಯೂ ಗುರುತೇ ಅಲ್ಲವೇ ಎಂದು ಸರ್ಕಾರಿ ವಕೀಲರು ಆಗಲೇ ಕುಹಕವಾಡಿದ್ದರು. ಡಾಕ್ಟರು ನೋಡುವಷ್ಟರಲ್ಲಿ ಕೊರಳಿನ ನೀಲಿ ತಿಳಿಹಳದಿಯಾಗಿತ್ತು.

ದಾರಿ ಸಿಕ್ಕಿದ್ದು ಒಂದು ಭಾನುವಾರ ಮಧ್ಯಾಹ್ನ. ಎರಡು ತಿಂಗಳು ಇಸ್ತ್ರಿ ಪೆಟ್ಟಿಗೆ ಮುಟ್ಟದಿದ್ದವಳು ಆ ದಿನ ಗಟ್ಟಿ ಮನಸ್ಸು ಮಾಡಿ ಮಗಳ ಸಮವಸ್ತ್ರ ಹರವಿಕೊಂಡಿದ್ದಳು. ಕೋಣೆಯ ಆಚೆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಮಗಳು ಗುಂಡಿ ಹೊಲಿಯುತ್ತಿದ್ದಳು. "ಅಮ್ಮಾ, ಈ ತೋಳಿಗೂ ಇಲ್ಲೇ ಒಂದು ಸಲ ಉಜ್ಜಿಬಿಡು, ಸೂಜಿ ಚುಚ್ಚಿಟ್ಟಿದೀನಿ" ಎಂದಳು. ಕನ್ನಡಕದಕ್ಕ ಪೆಟ್ಟಿಗೆ ಹಿಡಿದೇ ಎರಡು ಹೆಜ್ಜೆ ನಡೆದಳು. ವೈರು ಬಿಗಿಯಾಗಿ ಎಳೆದು ನಿಲ್ಲಿಸಿತು.

ಅವಳು ನಿಂತಲ್ಲೇ ನಿಂತಳು.

"ಅಮ್ಮಾ? ಕೈ ಸುಟ್ಕೋತೀಯ!"

ಸೋಮವಾರ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ವಕೀಲರ ಬಾಗಿಲಲ್ಲಿ ಅವಳು ಅತ್ತಿಂದಿತ್ತ ತಿರುಗುತ್ತಿದ್ದಳು. "ಮೇಡಂ, ದೂರಿನಲ್ಲಿ ಬರೆಸಿರೋ ಹಾಗೆ ಅವರು ಕಿಟಕಿ ಹತ್ರ ಕುರ್ಚಿಲಿ ಕೂತಿದ್ರೆ ನಾನು ಹೇಗೆ ಹೊಡೀಲಿ? ಪ್ಲಗ್ ಹಾಕೇ ಇತ್ತು. ಆ ವೈರು ಎರಡು ಮೀಟರೂ ಇಲ್ಲ. ಕುರ್ಚಿ ಹನ್ನೆರಡು ಹೆಜ್ಜೆ ದೂರ." ವಕೀಲರು ಕಡತ ಎಳೆದುಕೊಂಡು, ಆ ಸಂಜೆ ಪೊಲೀಸರೇ ಮನೆಗೆ ಹೋಗಿ ಬರೆದ ಮಹಜರಿನ ಮೇಲೆ ಬೆರಳಾಡಿಸಿದರು. ಪೆಟ್ಟಿಗೆ ಇಸ್ತ್ರಿ ಮೇಜಿನ ಕೆಳಗೆ, ಪ್ಲಗ್ ಗೋಡೆಯಲ್ಲಿ, ಸ್ವಿಚ್ ಹಾಕಿದ ಸ್ಥಿತಿ, ನೆಲಹಾಸು ಸುಟ್ಟಿದೆ. ಕೋಣೆಯ ಅಳತೆಯೂ ಇತ್ತು. ಇಷ್ಟು ದಿನ ಇಬ್ಬರೂ ಓದಿದ್ದ ಕಾಗದ ಅದು.

"ನಾನು ಮೂವತ್ತು ವರ್ಷ ವಕೀಲಿ ಮಾಡಿದ್ದು ದಂಡ" ಎಂದರು ವಕೀಲರು.

ವಾಯಿದೆಯ ಮೇಲೆ ವಾಯಿದೆ ಬಿದ್ದು, ಗಂಡನ ಪಾಟೀ ಸವಾಲು ನಡೆದದ್ದು ಏಳು ತಿಂಗಳ ನಂತರ. ಅವನು ತೊಳೆದ ಮುತ್ತಿನಂತೆ ಬಂದಿದ್ದ. ಕಿಟಕಿಯ ಪಕ್ಕ ಪೇಪರ್ ಓದುತ್ತ ಕೂತಿದ್ದೆ, ಹೇಳದೆ ಕೇಳದೆ ಬಂದು ಹೊಡೆದಳು, ಅವಳಿಗೆ ಇತ್ತೀಚೆಗೆ ಮನಸ್ಸು ಸರಿಯಿಲ್ಲ, ತನಗೆ ಅವಳ ಮೇಲೆ ಸಿಟ್ಟಿಲ್ಲ ಎಂದ. ತುಪ್ಪ ಸವರಿದ ಮಾತು.

ವಕೀಲರು ಜಪ್ತಿಯಾಗಿದ್ದ ಪೆಟ್ಟಿಗೆಯನ್ನು ತರಿಸಿ, ವೈರನ್ನು ಮೇಜಿನ ಮೇಲೆ ಅಳೆಸಿದರು. "ಇಷ್ಟು ವೈರು ನಿಮ್ಮ ಕುರ್ಚಿ ತನಕ ಬರತ್ತಾ?"

"ಪ್ಲಗ್ ಕಿತ್ಕೊಂಡು ಬಂದಳು."

"ಹೊಡೆದ ಮೇಲೆ ವಾಪಸ್ ಹೋಗಿ, ಪ್ಲಗ್ ಸಿಕ್ಕಿಸಿ, ಸ್ವಿಚ್ಚೂ ಹಾಕಿದ್ರಾ? ಮಿಕ್ಕ ಇಸ್ತ್ರಿ ಮುಗಿಸೋಕಾ?"

ಯಾರೋ ನಕ್ಕರು. ನ್ಯಾಯಾಧೀಶರು ತಲೆಯೆತ್ತಿದ ಮೇಲೆ ಸುಮ್ಮನಾದರು.

"ಮಾತಾಡ್ಸೋಣ ಅಂತ ನಾನೇ ಅವಳ ಹತ್ರ ಹೋಗಿದ್ದೆ ಅನ್ಸತ್ತೆ."

"ಆಸ್ಪತ್ರೆ ಚೀಟಿ ಪ್ರಕಾರ ನಿಮ್ಮ ಕೈಯಲ್ಲಿ ಸುಟ್ಟ ಗಾಯ ಇರೋದು ಮಣಿಕಟ್ಟಿನ ಒಳಮಗ್ಗುಲಲ್ಲಿ. ಕೈ ಹೇಗಿಟ್ಕೊಂಡು ಮಾತಾಡ್ಸಿದ್ರಿ, ಸ್ವಲ್ಪ ತೋರಿಸಿ."

ಅವನು ತೋರಿಸಲಿಲ್ಲ. ಆರೋಪಿಯ ಬೆಂಚಿನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ಅದೇ ಮೆಲುದನಿಯಲ್ಲಿ, "ಸಾಕು, ಬಾ" ಎಂದ.

ಕನ್ನಡಕದಕ್ಕ ಎದ್ದಳು. ಎದ್ದು ಒಂದು ಹೆಜ್ಜೆ ಇಟ್ಟೂ ಬಿಟ್ಟಳು. ಭುಜ ಎರಡೂ ಕಿವಿಯ ತನಕ ಏರಿದ್ದವು. ಕಾವಲಿನ ಹೆಣ್ಣು ಪೊಲೀಸು ತೋಳು ಹಿಡಿದಾಗಲೇ ತಾನು ಎಲ್ಲಿದ್ದೇನೆಂದು ಅವಳಿಗೆ ತಿಳಿದದ್ದು.

"ಯಾಕೆ ಎದ್ರಿ?" ಎಂದು ನ್ಯಾಯಾಧೀಶರು ಕೇಳಿದರು.

"ಗೊತ್ತಿಲ್ಲ ಸ್ವಾಮಿ. ಕರೆದ್ರು."

ನ್ಯಾಯಾಧೀಶರು ಏನನ್ನೋ ಬರೆದುಕೊಂಡರು.

ಅವಳ ಸರದಿ ಬಂದಾಗ ಸರ್ಕಾರಿ ವಕೀಲರು ಬಿಡಲಿಲ್ಲ. "ಹನ್ನೊಂದು ವರ್ಷ ಹೊಡೆದ್ರು ಅಂತೀರಿ. ಒಂದು ಸಲವೂ ಡಾಕ್ಟರ ಹತ್ರ ಹೋದ ಚೀಟಿ ಇಲ್ಲ."

"ಔಷಧಿ ಮನೆಗೇ ಬರ್ತಿತ್ತು."

"ಯಾರಿಗೂ ಹೇಳಲಿಲ್ಲ ಯಾಕೆ? ಒಡಹುಟ್ಟಿದ ಅಕ್ಕನಿಗೂ?"

ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನನ್ನು ನೋಡಿದಳು. "ಅಕ್ಕನಿಗೆ ಹೇಳಿದ್ದೆ. ಎರಡನೇ ವರ್ಷ. ಯಾರ ಮನೇಲಿಲ್ಲ, ಸಹಿಸ್ಕೋ ಅಂದ್ಲು. ಆಮೇಲೆ ಹೇಳೋಕೆ ಯಾರೂ ಉಳಿಲಿಲ್ಲ."

ಅಕ್ಕ ಎದ್ದು ಹೊರಗೆ ಹೋದಳು. ಕನ್ನಡಕದಕ್ಕ ನಿಲ್ಲಿಸಲಿಲ್ಲ. ಒಂದೊಂದೇ ವರ್ಷ ಹೇಳುತ್ತ ಹೋದಳು: ಬಾಗಿಲಿಗೆ ಸಿಕ್ಕಿಸಿದ ಬೆರಳು, ಬಸುರಿಯಾಗಿದ್ದಾಗ ಬಿದ್ದ ಒದೆ, ಸ್ನಾನದ ಕೋಣೆಯಲ್ಲಿ ಬೀಗ ಹಾಕಿಸಿಕೊಂಡ ಒಂದು ಇಡೀ ಹಗಲು. ದನಿ ಮಧ್ಯೆ ಮಧ್ಯೆ ನಿಂತಿತು, ನೀರು ಕೊಟ್ಟರು, ಮತ್ತೆ ಹೇಳಿದಳು. ಮುಗಿಸಿದಾಗ ತಾನು ಕಟಕಟೆಯ ಕಂಬಿಯನ್ನು ಗಾಜು ಒರೆಸಿದಂತೆ ಬಟ್ಟೆಯಂಚಿನಲ್ಲಿ ಒರೆಸುತ್ತಲೇ ಇದ್ದೆ ಎಂದು ಗೊತ್ತಾಯಿತು.

ತೀರ್ಪಿನ ದಿನ ಅಕ್ಕ ಬರಲಿಲ್ಲ. ಭಾವ, "ಕುಟುಂಬದ ಮಾನ ಬೀದಿಗೆ ಬಂತು" ಎಂದು ಒಂದು ವಾರ ಮೊದಲೇ ಬೇರೆ ಜಾಗ ನೋಡಿಕೊಳ್ಳಲು ಹೇಳಿದ್ದರು. ಪ್ರಾಣ ರಕ್ಷಣೆಗಾಗಿ ಮಾಡಿದ ಕೃತ್ಯ, ಆರೋಪದಿಂದ ಬಿಡುಗಡೆ ಎಂದು ನ್ಯಾಯಾಧೀಶರು ಓದಿ ಮುಂದಿನ ಕಡತ ಎತ್ತಿಕೊಂಡರು. ಇಡೀ ಸಂಗತಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

"ಮುಗೀತಾ?" ಎಂದು ವಕೀಲರನ್ನು ಕೇಳಿದಳು.

"ಮುಗೀತು. ಇನ್ನು ಮನೆಗೆ ಹೋಗಬಹುದು."

"ಯಾವ ಮನೆಗೆ ಮೇಡಂ?" ಎಂದು ಕೇಳಿ, ತನ್ನ ಪ್ರಶ್ನೆಗೆ ತಾನೇ ನಕ್ಕುಬಿಟ್ಟಳು.

ಸಾಮಾನು ತರಲು ಹೆಣ್ಣು ಪೊಲೀಸಿನವಳ ಜೊತೆ ಹಳೆಯ ಮನೆಗೆ ಹೋದಾಗ ಗಂಡ ಬಾಗಿಲು ತೆರೆದ. ಮಗಳ ಪುಸ್ತಕಗಳನ್ನು ಅವನೇ ಅಚ್ಚುಕಟ್ಟಾಗಿ ಕಟ್ಟಿಟ್ಟಿದ್ದ. "ಚಳಿಗೆ ಕೈ ಇನ್ನೂ ನೋಯತ್ತೆ" ಎಂದ. "ಅಯ್ಯೋ" ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ತಡೆಯಲು ಅವಳಿಗೆ ಹಿಡಿದ ಶ್ರಮ ಕಟಕಟೆಯಲ್ಲೂ ಹಿಡಿದಿರಲಿಲ್ಲ. ಪುಸ್ತಕದ ಗಂಟು ಎತ್ತಿಕೊಂಡು ಮೆಟ್ಟಿಲು ಇಳಿದವಳು ರಸ್ತೆಗೆ ಬಂದ ಮೇಲೆ ವಾಂತಿ ಮಾಡಿಕೊಂಡಳು. ಹೆಣ್ಣು ಪೊಲೀಸು ಬಾಟಲಿಯ ನೀರು ಕೊಟ್ಟು, "ನೀವು ಅವರ ಮೇಲೆ ದೂರು ಕೊಡಲ್ವಾ?" ಎಂದು ಕೇಳಿದಳು.

ಮುಂದಿನ ತಿಂಗಳು ಕೊಟ್ಟಳು. ಆ ಕೇಸು ಈಗ ನಡೆಯುತ್ತಿದೆ. ಅವನೂ ಒಬ್ಬ ವಕೀಲರನ್ನು ಇಟ್ಟಿದ್ದಾನೆ, ಅವನಿಗೂ ದಾರಿಗಳಿವೆ. ಔಷಧಿ ಅಂಗಡಿಯ ಮುಂದೆ ಜನ ಮೊದಲಿನಷ್ಟೇ ನಿಲ್ಲುತ್ತಾರೆ. ತಾಯಿ ಮಗಳು ಯಜಮಾನರ ಅಂಗಡಿಗೆ ಹತ್ತಿರವೇ ಎರಡು ಕೋಣೆ ಹಿಡಿದಿದ್ದಾರೆ. ಕನ್ನಡಕದಕ್ಕನ ಕೈಕೆಳಗೆ ಇಬ್ಬರು ಗಾಜು ಉಜ್ಜಲು ಕಲಿಯುತ್ತಿದ್ದಾರೆ. ಅವಳು ತರಕಾರಿಗೂ ಗಂಡನ ಅಂಗಡಿಯ ಬೀದಿ ಬಿಟ್ಟು ಸುತ್ತುಬಳಸಿ ಹೋಗುತ್ತಾಳೆ. ಮಗಳು ಮಾತ್ರ ಶಾಲೆಗೆ ಹತ್ತಿರದ ದಾರಿಯಲ್ಲೇ, ಅಪ್ಪನ ಅಂಗಡಿಯ ಮುಂದೆಯೇ ಹಾದು ಹೋಗುತ್ತಾಳೆ.

ಮೊನ್ನೆ ಮಗಳು ಬಂದವಳೇ ಚೀಲ ಇಳಿಸದೆ ಹೇಳಿದಳು: "ಅಪ್ಪ ಕೈ ಬೀಸಿದ್ರು. ನಾನೂ ಬೀಸಿದೆ. ತಪ್ಪಾ ಅಮ್ಮಾ?"

ಕನ್ನಡಕದಕ್ಕ ತಟ್ಟೆ ಇಡುತ್ತಿದ್ದಳು. ತಟ್ಟೆಯನ್ನು ಎತ್ತಿದಳು, ಮತ್ತೆ ಇಟ್ಟಳು, ಮೇಜನ್ನು ಒಂದು ಸುತ್ತು ಹಾಕಿದಳು.

"ತಪ್ಪಿಲ್ಲ" ಎಂದಳು. "ಕೈ ತೊಳ್ಕೊಂಡು ಬಾ."

ಮಗಳು ನಲ್ಲಿಯ ಹತ್ತಿರ ಹೋದಳು. ನೀರು ಬೀಳುವ ಸದ್ದು ನಿಲ್ಲುವ ತನಕ ಕನ್ನಡಕದಕ್ಕ ಮೇಜಿನ ಬಳಿಯೇ ನಿಂತು ಕಾದಳು. ಮುಂದಿನ ವಾಯಿದೆಗೆ ಇನ್ನು ಒಂಬತ್ತು ದಿನ ಇತ್ತು.